ಪಟ್ಟಿಯ ಮೊದಲ ಸಾಲು

ಆಷಾಢದ ಎರಡನೆಯ ಶುಕ್ರವಾರ ಬೆಳಿಗ್ಗೆ ಅಕ್ಕ ಚಾಮುಂಡಿಬೆಟ್ಟದ ದರ್ಶನದ ಸಾಲಿನಲ್ಲಿ ನಿಂತುಕೊಂಡೇ ನನಗೆ ಫೋನ್ ಮಾಡಿದಳು. ಹಿಂದಿನಿಂದ ಗಂಟೆಯ ಸದ್ದೂ ಜನರ ಗದ್ದಲವೂ ಕೇಳಿಸುತ್ತಿದ್ದವು. ಹರಕೆ ಏನೆಂದು ಕೇಳುವ ಅಗತ್ಯವಿರಲಿಲ್ಲ. ಮಗಳ ಸಿಇಟಿ ರ‍್ಯಾಂಕ್ ಬಂದು, ದಾಖಲೆಗಳ ಪರಿಶೀಲನೆ ಮುಗಿದು, ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಡುವ ಆಪ್ಷನ್ ಎಂಟ್ರಿಗೆ ಇನ್ನು ಕೆಲವೇ ದಿನಗಳು ಉಳಿದಿದ್ದವು. "ಬೆಂಗಳೂರೋ ಮೈಸೂರೋ, ಯಾವುದನ್ನ ಮೊದಲು ಬರೀಬೇಕು ಅಂತ ನೀನೇ ಹೇಳಿಬಿಡು, ನಮಗೇನು ಗೊತ್ತಾಗುತ್ತೆ" ಎಂದಳು. ನಾನು ಹದಿನೇಳು ವರ್ಷಗಳಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವುದರಿಂದ, ಪ್ರಿಂಟರು ಕೆಟ್ಟದ್ದೂ ಸೇರಿದಂತೆ ಕಂಪ್ಯೂಟರಿನ ಹೆಸರು ಹೊತ್ತ ಯಾವ ಪ್ರಶ್ನೆಯಾದರೂ ನಮ್ಮ ಮನೆತನದಲ್ಲಿ ನನ್ನ ಬಾಗಿಲಿಗೇ ಬರುತ್ತದೆ. ಈ ಪ್ರಶ್ನೆಯೂ ಹಾಗೆಯೇ ಬಂತು. ಇದಕ್ಕೆ ಉತ್ತರ ನನಗೆ ಗೊತ್ತಿದೆ ಎಂದೇ ನಾನು ಆಗ ನಂಬಿದ್ದೆ.

ಅಕ್ಕನ ಮನೆ ಹುಣಸೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಭಾವ ಹೊಗೆಸೊಪ್ಪು ಬೆಳೆಯುವವರು. ಮಗಳು ಹತ್ತನೆಯ ತರಗತಿಯವರೆಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಹುಣಸೂರಿನಲ್ಲಿ ಪಿಯುಸಿ ಮುಗಿಸಿದವಳು. ಅಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಾಗಲೇ ಮುಂದೆ ಓದುವುದೇನು ಎಂಬುದು ಅವಳ ಮಟ್ಟಿಗೆ ತೀರ್ಮಾನವಾಗಿತ್ತು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳಿಂದ ಅರ್ಧ ಪಾಲು, ಸಿಇಟಿಯ 180 ಅಂಕಗಳಿಂದ ಇನ್ನರ್ಧ ಪಾಲು ಸೇರುತ್ತದೆ. ಅವಳ ಕೈ ಹಿಡಿದದ್ದು ಪಿಯುಸಿ ಅಂಕಗಳು. ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯಲ್ಲಿ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಎಂದು ಸಾಲುಗಟ್ಟಿ ನಿಂತ ಪ್ರವರ್ಗವಾರು ಕಾಲಂಗಳಲ್ಲಿ ಕನ್ನಡ ಮಾಧ್ಯಮದವರಿಗೂ ಗ್ರಾಮೀಣ ವಿದ್ಯಾರ್ಥಿಗಳಿಗೂ ಸಲ್ಲುವ ಕಾಲಂಗಳ ಮೇಲೆ ಬೆರಳಿಟ್ಟು ನೋಡುತ್ತ ಹೋದಾಗ, ಅವಳಿಗೂ ಒಪ್ಪಿಗೆಯಾಗುವ, ರ‍್ಯಾಂಕಿಗೂ ಎಟುಕಬಹುದಾದ ಕಂಪ್ಯೂಟರ್ ಸೈನ್ಸ್ ಸೀಟು ಎರಡು ಕಡೆ ಕಂಡಿತು. ಒಂದು ಬೆಂಗಳೂರಿನ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಇಂಜಿನಿಯರಿಂಗ್, ಎಂದರೆ ಯುವಿಸಿಇ. ಇನ್ನೊಂದು ಮೈಸೂರಿನ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಎಂದರೆ ಮೈಸೂರಿನವರು ಇಂದಿಗೂ ಎಸ್‌ಜೆಸಿಇ ಎಂದೇ ಕರೆಯುವ ಕಾಲೇಜು. ಮೊದಲನೆಯದರ ಸೀಟುಗಳು ಹಿಂದಿನ ವರ್ಷದ ಮೊದಲ ಸುತ್ತಿನಲ್ಲಿ ಅವಳ ರ‍್ಯಾಂಕಿಗಿಂತ ಸ್ವಲ್ಪ ಮುಂಚೆಯೇ ಮುಗಿದಿದ್ದವು, ಎರಡನೆಯ ಸುತ್ತಿನಲ್ಲಿ ಅವಳಿಗಿಂತ ಹಿಂದಿನವರಿಗೂ ಸಿಕ್ಕಿದ್ದವು. ಎರಡನೆಯದು ಮೊದಲ ಸುತ್ತಿನಲ್ಲೇ ಸಿಗುವ ಹಾಗಿತ್ತು.

ಎರಡನ್ನೂ ನಾವು ಮಾತಿನಲ್ಲಿ ಕಾಲೇಜು ಎನ್ನುತ್ತೇವೆ, ಆದರೆ ಎರಡೂ ಈಗ ವಿಶ್ವವಿದ್ಯಾಲಯಗಳು, ಅದೂ ಇತ್ತೀಚಿನವು. ಯುವಿಸಿಇಯನ್ನು ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ 1917ರಲ್ಲಿ ಆರಂಭಿಸಿದರು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ ಮರುವರ್ಷ ಅದು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಕಾಲೇಜು ಅದರ ಪಾಲಿಗೆ ಬಂತು. 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಎಂದರೆ ವಿಟಿಯು, ಹುಟ್ಟಿ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳೆಲ್ಲ ಅದರ ಕೊಡೆಯ ಕೆಳಗೆ ಸೇರಿದಾಗಲೂ, ವಿಶ್ವೇಶ್ವರಯ್ಯನವರು ಸ್ವತಃ ಕಟ್ಟಿದ ಕಾಲೇಜು ಮಾತ್ರ ಅವರ ಹೆಸರಿನ ಆ ವಿಶ್ವವಿದ್ಯಾಲಯದ ಹೊರಗೇ ಉಳಿಯಿತು. ಇದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಕೊನೆಗೆ 2021ರ ಕಾಯ್ದೆಯ ಮೂಲಕ ಐಐಟಿಗಳ ಮಾದರಿಯಲ್ಲಿ ಅದಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜನ್ನು ಜೆಎಸ್‌ಎಸ್ ಮಹಾವಿದ್ಯಾಪೀಠ 1963ರಲ್ಲಿ ಆರಂಭಿಸಿತು. 2016ರಿಂದ ಅದು ವಿಟಿಯುವಿನಿಂದ ಬೇರ್ಪಟ್ಟು ತನ್ನದೇ ವಿಶ್ವವಿದ್ಯಾಲಯವಾಗಿದೆ. ಒಂದು ಸರ್ಕಾರದ್ದು, ಇನ್ನೊಂದು ಖಾಸಗಿಯದು. ಆದರೆ ಎರಡೂ ತಮ್ಮ ಪಠ್ಯಕ್ರಮವನ್ನು ತಾವೇ ಬರೆಯುತ್ತವೆ, ಪ್ರಶ್ನೆಪತ್ರಿಕೆಯನ್ನು ತಾವೇ ತೆಗೆಯುತ್ತವೆ, ಪದವಿ ಪ್ರಮಾಣಪತ್ರಕ್ಕೆ ತಮ್ಮದೇ ಮುದ್ರೆ ಒತ್ತುತ್ತವೆ.

ಇದರ ಅರ್ಥವೇನೆಂದು ಭಾವನಿಗೆ ವಿವರಿಸಲು ಹೋಗಿ ನಾನು ನನ್ನ ಕಾಲೇಜಿನ ಕಥೆ ಹೇಳಬೇಕಾಯಿತು. ನಾನು ಓದಿದ್ದು ವಿಟಿಯುವಿಗೆ ಸೇರಿದ್ದ ಒಂದು ಖಾಸಗಿ ಕಾಲೇಜಿನಲ್ಲಿ. ಬೀದರಿನ ಹುಡುಗನೂ ಮಂಗಳೂರಿನ ಹುಡುಗಿಯೂ ನಾನೂ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುತ್ತಿದ್ದೆವು. ಅದರಲ್ಲಿ ಒಂದು ಬಗೆಯ ನ್ಯಾಯವಿತ್ತು, ಪಾಠ ಸರಿಯಾಗಿ ನಡೆಯದ ಕಾಲೇಜಿನವನೂ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಿಡಿದು ದಡ ಸೇರಬಹುದಾಗಿತ್ತು. ಆದರೆ ಲ್ಯಾಬ್ ಎಂದರೆ ಹನ್ನೆರಡು ಪ್ರೋಗ್ರಾಂಗಳ ಪಟ್ಟಿ. ಪರೀಕ್ಷೆಯ ದಿನ ಮೇಜಿನ ಮೇಲಿಟ್ಟ ಚೀಟಿಗಳಲ್ಲಿ ಒಂದನ್ನು ಎತ್ತಬೇಕು, ಏಳನೆಯ ಪ್ರೋಗ್ರಾಂ ಬಂದರೆ ಏಳನೆಯದನ್ನು ಬರೆದು ಓಡಿಸಬೇಕು, ಬಾರದಿದ್ದರೆ ಅಂಕ ಕಳೆದುಕೊಂಡು ಒಮ್ಮೆ ಚೀಟಿ ಬದಲಿಸಿಕೊಳ್ಳಬಹುದು. ನಾನು ಹನ್ನೆರಡನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಲಿಂಕ್ಡ್ ಲಿಸ್ಟಿನ ಪ್ರೋಗ್ರಾಮನ್ನು ಸೆಮಿಕೋಲನ್ ತಪ್ಪದೆ ಬರೆಯಬಲ್ಲವನಾಗಿದ್ದೆನಾದರೂ, ಲಿಂಕ್ಡ್ ಲಿಸ್ಟು ಯಾತಕ್ಕೆ ಬೇಕು ಎಂಬುದು ಅರ್ಥವಾದದ್ದು ಕೆಲಸಕ್ಕೆ ಸೇರಿದ ಎರಡನೆಯ ವರ್ಷದಲ್ಲಿ. ತನ್ನ ಪರೀಕ್ಷೆಯನ್ನು ತಾನೇ ನಡೆಸುವ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರೇ ಪ್ರಶ್ನೆಯನ್ನೂ ತೆಗೆಯುತ್ತಾರೆ. ಮನಸ್ಸಿರುವ ಅಧ್ಯಾಪಕರಿಗೆ ಅಲ್ಲಿ ಚೀಟಿಯ ಪದ್ಧತಿಯನ್ನು ಬಿಟ್ಟು ಹೊಸದೊಂದನ್ನು ಮಾಡಿಸುವ ಸ್ವಾತಂತ್ರ್ಯವಿರುತ್ತದೆ. ಮನಸ್ಸಿಲ್ಲದವರಿಗೆ ಇನ್ನೂ ಸುಲಭದ ಪತ್ರಿಕೆ ತೆಗೆಯುವ ಸ್ವಾತಂತ್ರ್ಯವೂ ಇರುತ್ತದೆ. ಹಾಗಾಗಿ ಇಂಥ ಕಡೆ ವಿಶ್ವವಿದ್ಯಾಲಯದ ಹೆಸರಿಗಿಂತ ಆಯಾ ವಿಭಾಗದ ಹತ್ತಿಪ್ಪತ್ತು ಅಧ್ಯಾಪಕರು ಯಾರು ಎಂಬುದು ಹೆಚ್ಚು ಮುಖ್ಯವಾಗುತ್ತದೆ.

ಭಾವ ಎಲ್ಲವನ್ನೂ ಕೇಳಿಸಿಕೊಂಡು, "ಅದಿರಲಿ, ಕೆಲಸ ಎಲ್ಲಿ ಸಿಗುತ್ತೆ?" ಎಂದರು. ನ್ಯಾಯವಾದ ಪ್ರಶ್ನೆ. ಆದರೆ ಈ ಪ್ರಶ್ನೆಗೆ ಸಿಗುವ ಉತ್ತರಗಳಷ್ಟು ಮಸುಕಾದದ್ದು ಬೇರೊಂದಿಲ್ಲ. ಕಾಲೇಜುಗಳ ಜಾಹೀರಾತಿನಲ್ಲಿ ದಪ್ಪ ಅಕ್ಷರಗಳಲ್ಲಿರುವ ಅತಿ ಹೆಚ್ಚಿನ ಪ್ಯಾಕೇಜು ಒಬ್ಬನೇ ವಿದ್ಯಾರ್ಥಿಯದು. ಅವನು ಎಲ್ಲಿ ಓದಿದ್ದರೂ ಅದನ್ನೇ ಪಡೆಯುತ್ತಿದ್ದನೇನೋ. ಇಷ್ಟು ಆಫರ್‌ಗಳು ಬಂದವು ಎಂಬ ಲೆಕ್ಕದಲ್ಲಿ ಒಬ್ಬನಿಗೇ ಬಂದ ಮೂರು ಆಫರ್‌ಗಳೂ ಸೇರಿರಬಹುದು. ವಿದ್ಯಾಸಂಸ್ಥೆಗಳಿಗೆ ಕ್ರಮಾಂಕ ಕೊಡುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ಜನ ಅದರಲ್ಲಿ ನೋಡುವುದು ಕ್ರಮಾಂಕವನ್ನು ಮಾತ್ರ. ಆ ಕ್ರಮಾಂಕವನ್ನು ಲೆಕ್ಕ ಹಾಕುವಾಗ ಬೋಧನೆ ಮತ್ತು ಸೌಕರ್ಯಗಳಿಗೆ ನೂರರಲ್ಲಿ 30, ಸಂಶೋಧನೆಗೆ 30, ಪದವೀಧರರ ಫಲಿತಾಂಶಕ್ಕೆ 20, ಒಳಗೊಳ್ಳುವಿಕೆಗೆ 10, ಜನರ ಅಭಿಪ್ರಾಯಕ್ಕೆ 10 ಅಂಕಗಳಿವೆ. ಹದಿನೆಂಟು ವರ್ಷದ ಹುಡುಗಿಯ ನಾಲ್ಕು ವರ್ಷಗಳಿಗೆ ಇವುಗಳಲ್ಲಿ ಯಾವುದು ಎಷ್ಟು ತಟ್ಟುತ್ತದೆ ಎಂಬುದನ್ನು ಕ್ರಮಾಂಕ ಹೇಳುವುದಿಲ್ಲ. ಆದರೆ ಅದೇ ಜಾಲತಾಣದಲ್ಲಿ ಪ್ರತಿ ಸಂಸ್ಥೆಯೂ ಸಲ್ಲಿಸಿದ ಮಾಹಿತಿಯ ಕಡತವಿರುತ್ತದೆ. ಎಷ್ಟು ವಿದ್ಯಾರ್ಥಿಗಳು ಸೇರಿದರು, ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಮುಗಿಸಿದರು, ಎಷ್ಟು ಮಂದಿ ಕೆಲಸಕ್ಕೆ ಹೋದರು, ಎಷ್ಟು ಮಂದಿ ಉನ್ನತ ವ್ಯಾಸಂಗಕ್ಕೆ ಹೋದರು, ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವನ ಸಂಬಳವೆಷ್ಟು ಎಂಬುದೆಲ್ಲ ಅದರಲ್ಲಿದೆ. ಜಾಹೀರಾತಿನ ನಾಯಕನಿಗಿಂತ ಈ ನಡುವಿನವನ ವಿಷಯ ತಿಳಿದುಕೊಳ್ಳುವುದು ಮೇಲು ಎಂದು ನಾನು ಹೇಳಿದೆ. ಆ ಕಡತಗಳನ್ನು ಓದಿದ ಮೇಲೂ ಈ ಒಂದು ಕಾರಣಕ್ಕಾಗಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆಂದು ನಮಗೆ ಅನ್ನಿಸಲಿಲ್ಲ.

ಬ್ರಾಂಚಿನ ಹೆಸರಿನ ವಿಷಯದಲ್ಲಿ ನಾವು ಹೆಚ್ಚು ಹೊತ್ತು ಕಳೆಯಲಿಲ್ಲ. ಕಂಪ್ಯೂಟರ್ ಸೈನ್ಸ್, ಕರ್ನಾಟಕದಲ್ಲಿ ಹಿಂದಿನಿಂದಲೂ ಇರುವ ಇನ್ಫರ್ಮೇಷನ್ ಸೈನ್ಸ್, ಈಚೆಗೆ ಅಣಬೆಯಂತೆ ಎದ್ದಿರುವ ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂಬ ಬಾಲಗಳ ಬ್ರಾಂಚುಗಳು, ಇವುಗಳ ನಡುವಿನ ವ್ಯತ್ಯಾಸ ಹೆಚ್ಚಿನ ಕಡೆ ಕೊನೆಯ ಎರಡು ವರ್ಷಗಳ ಕೆಲವು ಪತ್ರಿಕೆಗಳಷ್ಟು ಮಾತ್ರ. ಡಿಸ್ಕ್ರೀಟ್ ಗಣಿತ, ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಂ, ನೆಟ್‌ವರ್ಕ್, ಡೇಟಾಬೇಸ್ ಇವು ಎಲ್ಲರಿಗೂ ಸಮಾನ ಅನ್ನ-ಸಾರು.

ಎರಡೂ ಕಡೆಯ ಪಠ್ಯಕ್ರಮಗಳನ್ನು ಡೌನ್‌ಲೋಡ್ ಮಾಡಿ ಅಕ್ಕಪಕ್ಕ ಇಟ್ಟು ನೋಡಿದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇಯ ಮಾದರಿ ಪಠ್ಯಕ್ರಮ 2018ರಿಂದ ನಾಲ್ಕು ವರ್ಷಗಳಿಗೆ 160 ಕ್ರೆಡಿಟ್ ಎಂದು ಗೊತ್ತುಪಡಿಸಿದ ಮೇಲೆ ಎಲ್ಲ ಕಡೆಯೂ ಚೌಕಟ್ಟು ಹೆಚ್ಚುಕಡಿಮೆ ಒಂದೇ ಆಗಿದೆ. ಶೀರ್ಷಿಕೆಗಳೂ ಒಂದೇ, ಕೊನೆಯಲ್ಲಿ ಕೊಡುವ ಪಠ್ಯಪುಸ್ತಕಗಳೂ ಬಹುತೇಕ ಒಂದೇ. ಕಾಗದದಲ್ಲಿ ಕಾಣದಿರುವುದು ಏನೆಂದು ಯೋಚಿಸಿ ನಾನು ಒಂದು ಪ್ರಶ್ನೆಯನ್ನು ಸಿದ್ಧ ಮಾಡಿಕೊಂಡೆ. ಎರಡೂ ಕಡೆ ಮೂರನೆಯ ವರ್ಷದಲ್ಲಿ ಓದುತ್ತಿದ್ದ ಕೆಲವರನ್ನು, ಪರಿಚಯದವರ ಪರಿಚಯ ಹಿಡಿದು ಮಾತಿಗೆಳೆದು, ಕಳೆದ ಸೆಮಿಸ್ಟರ್‌ನಲ್ಲಿ ನೀವು ಬರೆದ ಅತಿ ದೊಡ್ಡ ಪ್ರೋಗ್ರಾಂ ಯಾವುದು, ಅದನ್ನು ನಿಮ್ಮನ್ನು ಬಿಟ್ಟು ಬೇರೆ ಯಾರು ಓದಿದರು ಎಂದು ಕೇಳಿದೆ. ಬರೆದದ್ದನ್ನು ಇನ್ನೊಬ್ಬರು ಓದಿ ಇಲ್ಲಿ ಯಾಕೆ ಹೀಗೆ ಮಾಡಿದೆ ಎಂದು ಕೇಳದ ಹೊರತು ಪ್ರೋಗ್ರಾಂ ಬರೆಯುವುದು ಕೈಗೆ ಹತ್ತುವುದಿಲ್ಲ ಎಂಬುದು ಈ ಕೆಲಸದಲ್ಲಿ ನಾನು ಕಂಡುಕೊಂಡ ಸಂಗತಿ. ಒಬ್ಬ ಹುಡುಗ ಸ್ನೇಹಿತರ ಜೊತೆ ಸೇರಿ ಒಂದು ಪುಟ್ಟ ಕಂಪೈಲರ್ ಬರೆದಿದ್ದ, ಅದರ ಬಗ್ಗೆ ಅರ್ಧ ಗಂಟೆ ಮಾತಾಡಿದ. ಅದೇ ತರಗತಿಯ ಇನ್ನೊಬ್ಬನಿಗೆ ಲ್ಯಾಬ್ ರೆಕಾರ್ಡಿನಾಚೆಗೆ ಏನನ್ನಾದರೂ ಬರೆದ ನೆನಪೇ ಇರಲಿಲ್ಲ. ಮತ್ತೊಂದು ಊರಿನಲ್ಲಿಯೂ ಇಂಥದ್ದೇ ಜೋಡಿ ಸಿಕ್ಕಿತು. ಒಂದೇ ವಿಶ್ವವಿದ್ಯಾಲಯದ ಇಬ್ಬರ ಉತ್ತರಗಳ ನಡುವಿನ ಅಂತರ, ಎರಡು ವಿಶ್ವವಿದ್ಯಾಲಯಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿತ್ತು. ಅಲ್ಲಿಗೆ ನನ್ನ ಪ್ರಶ್ನೆ ವಿಶ್ವವಿದ್ಯಾಲಯವನ್ನು ಅಳೆಯುತ್ತಿರಲಿಲ್ಲ ಎಂದಾಯಿತು. ನಾನು ಮಾತ್ರ ಅದನ್ನು ಒಪ್ಪಿಕೊಳ್ಳಲು ಸಿದ್ಧನಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ನನ್ನ ಮನಸ್ಸು ಬೆಂಗಳೂರಿನ ಕಡೆ ವಾಲಿಯಾಗಿತ್ತು.

ವಾಲಿದ್ದಕ್ಕೆ ಕಾರಣಗಳಿದ್ದವು. ನಾನಿರುವುದು ಕೆಂಗೇರಿಯಲ್ಲಿ. ಅಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ರೈಲು ಬದಲಿಸದೆ ಮೆಜೆಸ್ಟಿಕ್ ದಾಟಿದ ಮುಂದಿನ ನಿಲ್ದಾಣದಲ್ಲಿ ಇಳಿದರಾಯಿತು. ಸೆಂಟ್ರಲ್ ಕಾಲೇಜಿನ ಆ ನಿಲ್ದಾಣಕ್ಕೆ ಇಟ್ಟಿರುವುದೂ ವಿಶ್ವೇಶ್ವರಯ್ಯನವರ ಹೆಸರನ್ನೇ. ಅಕ್ಕನ ಮಗಳನ್ನು ಕರೆದುಕೊಂಡು ಒಂದು ದಿನ ಹಾಗೆಯೇ ಹೋಗಿ ಕೆ.ಆರ್. ವೃತ್ತದ ಹಳೆಯ ಕಟ್ಟಡವನ್ನು ತೋರಿಸಿದೆ. ಸಿವಿಲ್ ಮತ್ತು ವಾಸ್ತುಶಿಲ್ಪ ವಿಭಾಗಗಳು ಜ್ಞಾನಭಾರತಿಯಲ್ಲಿದ್ದರೂ ಕಂಪ್ಯೂಟರ್ ಸೈನ್ಸ್ ಇರುವುದು ಇಲ್ಲಿಯೇ. ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಓದಿದ ಕಾಲೇಜು ಇದು ಎಂದು ಹೇಳಿದೆ. ಅಲ್ಲಿಂದ ನಡೆದೇ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕೆ ಹೋದೆವು. ಭಾರತೀಯ ವಿಜ್ಞಾನ ಸಂಸ್ಥೆಯ ವಿಭಾಗಗಳಲ್ಲಿ ಯಾರು ಬೇಕಾದರೂ ಹೋಗಿ ಕೂರಬಹುದಾದ ಉಪನ್ಯಾಸಗಳು ನಡೆಯುತ್ತವೆ, ಮುಕ್ತ ತಂತ್ರಾಂಶದವರು ವಾರಾಂತ್ಯಗಳಲ್ಲಿ ಸೇರುತ್ತಾರೆ, ಈ ಊರಿನಲ್ಲಿ ಕಾಲೇಜಿನ ಗೋಡೆಯ ಹೊರಗೇ ಅರ್ಧ ಓದು ಇದೆ ಎಂದೆಲ್ಲ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದೆ. ಇವೆಲ್ಲವೂ ನಿಜ, ಈಗಲೂ ಹಾಗೆಯೇ ಹೇಳುತ್ತೇನೆ. ಅವಳು ಎಲ್ಲಕ್ಕೂ "ಹೂಂ ಮಾವ" ಎಂದಳು. ರಾತ್ರಿ ನನ್ನ ಹೆಂಡತಿ ಬೀದಿಯ ಕಡೆಯ ಕೋಣೆಯ ಬೀರುವಿನಲ್ಲಿ ಅರ್ಧ ಜಾಗ ಖಾಲಿ ಮಾಡಿ ತೋರಿಸಿದಾಗಲೂ "ಹೂಂ ಅತ್ತೆ" ಎಂದಳು.

ಮೈಸೂರಿಗೆ ಅವಳು ಹೋದದ್ದು ತನ್ನ ಅಪ್ಪನ ಜೊತೆಗೆ, ನಾನಿರಲಿಲ್ಲ. ಮಾನಸಗಂಗೋತ್ರಿಯ ಬಳಿಯ ಆ ಕ್ಯಾಂಪಸ್ಸು ಹುಣಸೂರು ರಸ್ತೆಯಿಂದ ಹೆಚ್ಚು ದೂರವಿಲ್ಲ; ಊರಿನ ಬಸ್ಸು ಆ ರಸ್ತೆಯಲ್ಲೇ ನಗರಕ್ಕೆ ಬರುತ್ತದೆ. ಭಾವನಿಗೆ ಆ ಕಾಲೇಜು ಜಾವಗಲ್ ಶ್ರೀನಾಥ್ ಓದಿದ ಕಾಲೇಜಾಗಿಯೇ ಗೊತ್ತು, ಕಂಪ್ಯೂಟರಿಗೂ ಅದಕ್ಕೂ ಏನು ಸಂಬಂಧವೆಂದು ಅವರು ಯೋಚಿಸಿದಂತಿರಲಿಲ್ಲ. ಅವಳು ಮಾತ್ರ ಗೇಟಿನಲ್ಲಿ ಸಿಕ್ಕ ಎರಡನೆಯ ವರ್ಷದ ಹುಡುಗಿಯರನ್ನು ನಿಲ್ಲಿಸಿ ತನ್ನ ಪ್ರಶ್ನೆಗಳನ್ನು ಕೇಳಿದ್ದಳಂತೆ. ಅವು ನನಗೆ ಹೊಳೆದಿರದ ಪ್ರಶ್ನೆಗಳು. ಹಾಸ್ಟೆಲಿನಿಂದ ಲ್ಯಾಬಿಗೆ ನಡೆದು ಹೋಗಲು ಎಷ್ಟು ಹೊತ್ತು ಬೇಕು, ಸಂಜೆಯ ಮೇಲೆ ಗ್ರಂಥಾಲಯದಲ್ಲಿ ಕೂರಬಹುದೇ, ಪಾಠದ ನಡುವೆ ಏನಾದರೂ ಅರ್ಥವಾಗದಿದ್ದರೆ ಕನ್ನಡದಲ್ಲಿ ಕೇಳಿದರೆ ಉತ್ತರ ಕೊಡುತ್ತಾರೆಯೇ, ನಗುತ್ತಾರೆಯೇ. ಹತ್ತು ವರ್ಷ ಕನ್ನಡದಲ್ಲಿ ಗಣಿತ ಮಾಡಿ, ಪಿಯುಸಿಯ ಮೊದಲ ಆರು ತಿಂಗಳು "ತ್ರಿಕೋನಮಿತಿ" ಎಂಬುದೇ "ಟ್ರಿಗ್ನಾಮೆಟ್ರಿ" ಎಂದು ಹೊಂದಿಸಿಕೊಳ್ಳುವುದರಲ್ಲಿ ಕಳೆದವಳಿಗೆ ಇದು ಸಣ್ಣ ಪ್ರಶ್ನೆಯಲ್ಲ. ಯಾವ ರ‍್ಯಾಂಕಿಂಗ್ ಪಟ್ಟಿಯಲ್ಲಿಯೂ ಇದಕ್ಕೆ ಕಾಲಂ ಇಲ್ಲ. ಆ ಹುಡುಗಿಯರಲ್ಲಿ ಒಬ್ಬಳು ಪಿರಿಯಾಪಟ್ಟಣದ ಕಡೆಯವಳಾಗಿದ್ದು, ತಾನೂ ಹೀಗೆಯೇ ಬಂದವಳೆಂದೂ ಮೊದಲ ಸೆಮಿಸ್ಟರ್ ಕಷ್ಟ ಆಮೇಲೆ ಅಭ್ಯಾಸವಾಗುತ್ತದೆ ಎಂದೂ ಹೇಳಿ ತನ್ನ ಫೋನ್ ನಂಬರನ್ನೂ ಕೊಟ್ಟಳಂತೆ. ಅವಳು ಇದನ್ನು ನನಗೆ ಫೋನಿನಲ್ಲಿ ಹೇಳಿದ ದನಿ ಕೆ.ಆರ್. ವೃತ್ತದಲ್ಲಿ ಕೇಳಿದ ದನಿಗಿಂತ ಬೇರೆಯಾಗಿತ್ತು. ನಾನು ಆಗ ಅದನ್ನು ಗಮನಿಸಿದೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹಣದ ಲೆಕ್ಕ ನಾವು ಅಂದುಕೊಂಡಷ್ಟು ಸರಳವಾಗಿರಲಿಲ್ಲ. ಸರ್ಕಾರಿ ಶುಲ್ಕ ಕಡಿಮೆ, ಖಾಸಗಿ ವಿಶ್ವವಿದ್ಯಾಲಯದಲ್ಲಿ ಸಿಇಟಿ ಸೀಟಿಗೂ ಶುಲ್ಕ ಹೆಚ್ಚು, ಹಾಗಾಗಿ ಬೆಂಗಳೂರು ಅಗ್ಗ ಎಂಬುದು ಮೊದಲ ನೋಟದ ಲೆಕ್ಕ. ಬೆಂಗಳೂರಿನಲ್ಲಿ ಪಿ.ಜಿ. ಹಿಡಿದರೆ ಊಟ ಸೇರಿ ತಿಂಗಳಿಗೆ ಎಂಟು ಹತ್ತು ಸಾವಿರ ಹೋಗುತ್ತದೆ, ಆಗ ಆ ಉಳಿತಾಯದ ಬಹುಪಾಲು ಬಾಡಿಗೆಯಲ್ಲಿ ಕರಗುತ್ತದೆ. ನಮ್ಮ ಮನೆಯಲ್ಲಿದ್ದರೆ ಕರಗುವುದಿಲ್ಲ ಎಂಬುದು ನನ್ನ ವಾದ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾರಿಗೆ ಬಸ್ಸು ಉಚಿತ ಎಂದು ಅಕ್ಕ ನೆನಪಿಸಿದಳು. ಮೈಸೂರಾದರೆ 45 ಕಿಲೋಮೀಟರ್, ಬೆಂಗಳೂರಾದರೆ ಸುಮಾರು 190 ಕಿಲೋಮೀಟರ್, ಟಿಕೆಟ್ಟಿಗೆ ಎರಡೂ ಒಂದೇ ಎಂದಳು. "ಟಿಕೆಟ್ಟಿಗೆ ಒಂದೇ, ಬೆನ್ನಿಗೆ ಬೇರೆ" ಎಂದರು ಭಾವ. ಇದೆಲ್ಲಕ್ಕಿಂತ ದೊಡ್ಡ ತೊಡಕು ತಿಂಗಳಿನದು. ಸೀಟು ಹಂಚಿಕೆಯಾಗಿ ಶುಲ್ಕ ಕಟ್ಟಬೇಕಾದ ಕಾಲಕ್ಕೆ ಹುಣಸೂರಿನ ಕಡೆ ಹೊಗೆಸೊಪ್ಪು ಮುರಿದು ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಹಾಕುವ ಕೆಲಸ ನಡೆಯುತ್ತಿರುತ್ತದೆ. ಗೊಬ್ಬರಕ್ಕೆ, ಸೌದೆಗೆ, ಕೂಲಿಗೆ ಕೈಯಲ್ಲಿದ್ದುದೆಲ್ಲ ಖರ್ಚಾಗಿ, ಕಟ್ಟೆಮಳಲವಾಡಿಯ ಹೊಗೆಸೊಪ್ಪಿನ ಹರಾಜು ಶುರುವಾಗಿ ಮೊದಲ ದುಡ್ಡು ಬರಲು ಇನ್ನೂ ಎರಡು ಮೂರು ತಿಂಗಳಿರುತ್ತದೆ. ಮಧ್ಯೆ ಸರಿದೂಗಿಸಲು ಹಿಂದುಳಿದ ವರ್ಗಗಳ ನಿಗಮದ ಅರಿವು ಎಂಬ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿದರು. ಆ ನಿಗಮಕ್ಕೆ ಹೆಸರಾಗಿರುವ ದೇವರಾಜ ಅರಸರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರೇ ಆದ್ದರಿಂದ ಅರ್ಜಿ ಹಾಕುವಾಗ ಭಾವನಿಗೆ ಅದು ಸಾಲವೆನ್ನಿಸದೆ ಊರಿನ ಹಿರಿಯರ ಬಳಿ ಕೇಳಿದಂತೆ ಅನ್ನಿಸಿತಂತೆ. ಉಳಿದದ್ದನ್ನು ನಾನು ಕೈಗಡವಾಗಿ ಕೊಡುತ್ತೇನೆಂದೆ. ಯಾವ ಊರಾದರೂ ಕೊಡುತ್ತೇನೆ ಎಂದು ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಅದನ್ನು ಹೇಳಲು ನನಗೆ ತೋಚಲಿಲ್ಲ.

ಆಪ್ಷನ್ ಎಂಟ್ರಿಯ ಹಿಂದಿನ ವಾರ ಅವಳಿಗೆ ಸೀಟು ಹಂಚಿಕೆ ಹೇಗೆ ನಡೆಯುತ್ತದೆ ಎಂದು ವಿವರಿಸಿದೆ. ಇಡೀ ವ್ಯವಹಾರದಲ್ಲಿ ನನಗೆ ನಿಜವಾಗಿ ಸಂತೋಷ ಕೊಟ್ಟದ್ದು ಈ ಭಾಗ. ಕಟ್‌ಆಫ್ ನೋಡಿ, ಸಿಗುವುದನ್ನು ಮೇಲೆ ಬರೆಯಬೇಕು, ಸಿಗದ ಕಾಲೇಜನ್ನು ಮೊದಲು ಬರೆದರೆ ಸಿಗುವುದೂ ತಪ್ಪಿಹೋಗುತ್ತದೆ ಎಂಬ ಹೆದರಿಕೆ ಊರಿನಲ್ಲೆಲ್ಲ ಇದೆ. ಇದು ತಪ್ಪು. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರು ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತದೆ. ಕರೆದವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತ, ಮೊದಲ ಸಾಲಿನ ಕಾಲೇಜಿನಲ್ಲಿ ಅವರಿಗೆ ಸಲ್ಲುವ ಸೀಟು ಉಳಿದಿದೆಯೇ ನೋಡುತ್ತದೆ, ಇದ್ದರೆ ಕೊಟ್ಟು ಮುಂದಿನವರಿಗೆ ಹೋಗುತ್ತದೆ, ಇಲ್ಲದಿದ್ದರೆ ಎರಡನೆಯ ಸಾಲಿಗೆ ಇಳಿಯುತ್ತದೆ. ಮೊದಲ ಸಾಲಿನಲ್ಲಿ ಸಿಗದ ಕಾಲೇಜನ್ನು ಬರೆದಿದ್ದರೆ ಆ ಸಾಲು ವ್ಯರ್ಥವಾಗುತ್ತದೆಯೇ ಹೊರತು ಎರಡನೆಯ ಸಾಲಿನ ಸೀಟನ್ನು ಆ ನಡುವೆ ಹಿಂದಿನ ರ‍್ಯಾಂಕಿನವರು ಬಂದು ಕಿತ್ತುಕೊಳ್ಳುವುದಿಲ್ಲ, ಏಕೆಂದರೆ ಅವರ ಸರದಿ ಇನ್ನೂ ಬಂದೇ ಇರುವುದಿಲ್ಲ. ಆದ್ದರಿಂದ ಇಲ್ಲಿ ಜಾಣತನ ಮಾಡಿ ಗೆಲ್ಲುವಂಥದ್ದೇನೂ ಇಲ್ಲ. ಮನಸ್ಸಿನಲ್ಲಿರುವ ಕ್ರಮವನ್ನೇ ಹಾಗೆಯೇ ಬರೆಯುವುದಕ್ಕಿಂತ ಉತ್ತಮವಾದ ಉಪಾಯವಿಲ್ಲ ಎಂದು ಗಣಿತದಿಂದಲೇ ತೋರಿಸಬಹುದು. ನಾನು ಕೊಟ್ಟಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಅವಳು ಅದನ್ನು ಪೈಥಾನಿನಲ್ಲಿ ನಲವತ್ತು ಸಾಲಿನ ಪ್ರೋಗ್ರಾಂ ಆಗಿ ಬರೆದು, ಹಿಂದಿನ ವರ್ಷದ ಕಟ್‌ಆಫ್‌ಗಳನ್ನು ತುಂಬಿ ಓಡಿಸಿ ತೋರಿಸಿದಳು. ಲೂಪಿನೊಳಗೆ ಒಂದು ತಪ್ಪಿತ್ತು, ಸೀಟು ಸಿಕ್ಕ ಮೇಲೂ ಪಟ್ಟಿಯನ್ನು ಓದುವುದು ನಿಲ್ಲುತ್ತಿರಲಿಲ್ಲ. ಅದನ್ನು ಅವಳೇ ಕಂಡುಹಿಡಿದಳು.

ಕೊನೆಯ ದಿನದ ಹಿಂದಿನ ಸಂಜೆ ಹಳ್ಳಿಯ ಮನೆಯ ಜಗಲಿಯಲ್ಲಿ ಕುಳಿತು ಪಟ್ಟಿ ತುಂಬಿದೆವು. ಮನಸ್ಸಿನಲ್ಲಿರುವುದನ್ನೇ ಬರೆಯಬೇಕು ಎಂದು ಮತ್ತೊಮ್ಮೆ ಉಪದೇಶ ಮಾಡಿ, ಮೌಸನ್ನು ನನ್ನ ಕೈಯಲ್ಲೇ ಹಿಡಿದುಕೊಂಡು, ಮೊದಲ ಸಾಲಿನಲ್ಲಿ ಯುವಿಸಿಇ, ಎರಡನೆಯ ಸಾಲಿನಲ್ಲಿ ಮೈಸೂರು, ಅದರ ಕೆಳಗೆ ಇನ್ನೂ ಹತ್ತಾರು ಎಂದು ನಾನೇ ಒತ್ತುತ್ತ ಹೋದೆ. ಸರಿಯೇನಮ್ಮ ಎಂದು ಕೇಳಿದೆ. "ಸರಿ ಮಾವ" ಎಂದಳು. ಅಣಕು ಹಂಚಿಕೆಯಲ್ಲಿ ಮೈಸೂರು ಬಂತು. ಮೊದಲ ಸುತ್ತಿನ ನಿಜವಾದ ಹಂಚಿಕೆಯಲ್ಲೂ ಮೈಸೂರೇ ಬಂತು.

ಸೀಟು ಬಂದ ಮೇಲೆ ನಾಲ್ಕು ಆಯ್ಕೆಗಳಿರುತ್ತವೆ. ಒಂದನೆಯದು ಸೀಟು ಒಪ್ಪಿಗೆ, ಸೇರುತ್ತೇನೆ ಎಂಬುದು. ಎರಡನೆಯದು ಸೀಟು ಒಪ್ಪಿಗೆಯೇ, ಆದರೆ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವುದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಅದು ಬೇಕು ಎಂಬುದು. ಅದು ಸಿಕ್ಕರೆ ಹಿಂದಿನ ಸೀಟು ತಾನಾಗಿಯೇ ರದ್ದಾಗುತ್ತದೆ. ಮೂರನೆಯದು ಈ ಸೀಟು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ ಎಂಬುದು. ನಾಲ್ಕನೆಯದು ಹೊರನಡೆಯುವುದು. ಬೇರೆ ಪ್ರವೇಶ ಪರೀಕ್ಷೆಗಳಲ್ಲಿ ಸೀಟು ಸಿಕ್ಕವರು ಬಿಟ್ಟುಹೋಗುವುದರಿಂದ ಎರಡನೆಯ ಸುತ್ತಿನಲ್ಲಿ ಯುವಿಸಿಇ ಅವಳಿಗೆ ಸಿಗುವ ಸಂಭವ ಚೆನ್ನಾಗಿಯೇ ಇತ್ತು. ಎರಡನೆಯದನ್ನು ಒತ್ತು, ಕಳೆದುಕೊಳ್ಳುವುದೇನೂ ಇಲ್ಲ ಎಂದು ನಾನು ಬೆಂಗಳೂರಿನಿಂದ ಫೋನಿನಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಾವ, ಬೇಜಾರು ಮಾಡ್ಕೋಬೇಡಿ. ನನಗೆ ಇದೇ ಬೇಕಿತ್ತು. ಒಂದನೇದನ್ನ ಒತ್ತಿ ಆಯ್ತು" ಎಂದಳು.

ಯಾಕೆ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಕಾರಣಗಳು ಚಿಕ್ಕವು. ಬೆಂಗಳೂರಿನಲ್ಲಿ ಓದುವುದು ಇಷ್ಟವಿಲ್ಲವೆಂದಲ್ಲ, ಕೆಲಸಕ್ಕೆ ಹೇಗೂ ಅಲ್ಲಿಗೇ ಬರಬೇಕಾಗುತ್ತದೆ. ಆದರೆ ನಾಲ್ಕು ವರ್ಷ ಇನ್ನೊಬ್ಬರ ಮನೆಯಲ್ಲಿ, ಅದು ಮಾವನ ಮನೆಯೇ ಆದರೂ, ಲೈಟು ಆರಿಸುವ ಹೊತ್ತು ನೋಡಿಕೊಂಡು ಓದುವುದು ತನ್ನಿಂದಾಗದು. ಪ್ರೋಗ್ರಾಂ ಬರೆಯಲು ಕುಳಿತರೆ ರಾತ್ರಿ ಎರಡು ಗಂಟೆಯಾದರೂ ಏಳಲಾಗುವುದಿಲ್ಲ, ಅಂಥ ಹೊತ್ತಿನಲ್ಲಿ ಪಕ್ಕದ ಮಂಚದಲ್ಲಿ ಅದನ್ನೇ ಮಾಡುತ್ತಿರುವ ಇನ್ನೊಬ್ಬಳಿದ್ದರೆ ಚೆನ್ನ. ಮೊದಲ ಸೆಮಿಸ್ಟರಿನ ಕಷ್ಟಕ್ಕೆ ಪಿರಿಯಾಪಟ್ಟಣದ ಆ ಅಕ್ಕ ಇದ್ದಾರೆ. ಇಷ್ಟೇ. ನಾನು ಮಾಡಿದ ಹೋಲಿಕೆಯ ಪಟ್ಟಿಯಲ್ಲಿ ಹನ್ನೊಂದು ಅಂಶಗಳಿದ್ದವು, ಈ ಮೂರರಲ್ಲಿ ಒಂದೂ ಅದರಲ್ಲಿರಲಿಲ್ಲ. ಎರಡು ದಿನ ನನಗೆ ಸ್ವಲ್ಪ ಬೇಸರವೇ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ನನ್ನ ಹೆಂಡತಿ ಮಾತ್ರ, ಅವಳು ಹೂಂ ಎಂದ ರೀತಿಯಲ್ಲೇ ತನಗೆ ಗೊತ್ತಾಗಿತ್ತು ಎನ್ನುತ್ತ ಬೀರುವಿನ ಅರ್ಧ ಜಾಗಕ್ಕೆ ಚಳಿಗಾಲದ ರಗ್ಗುಗಳನ್ನು ವಾಪಸ್ಸು ತುಂಬಿದಳು. ಶುಲ್ಕಕ್ಕೆ ಕೊಟ್ಟ ಕೈಗಡವನ್ನು ಭಾವ ಹರಾಜಿನ ಎರಡನೆಯ ಚೆಕ್ಕು ಬಂದ ದಿನವೇ ತೀರಿಸಿದರು.

ಸಂಕ್ರಾಂತಿಗೆ ಊರಿಗೆ ಹೋದಾಗ ಅವಳು ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸದ್ದು ಮಾಡುತ್ತಿದೆ, ಬದಲಿಸಿ ಕೊಡಿ ಎಂದು ನನ್ನ ಕೈಗಿತ್ತಳು. ಬೆಂಗಳೂರಿಗೆ ಬಂದು ಕಡತಗಳನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡುವಾಗ ಸೀಟು ಹಂಚಿಕೆಯ ಆ ಪ್ರೋಗ್ರಾಂ ಕಣ್ಣಿಗೆ ಬಿತ್ತು. ಅದರ ಪಕ್ಕದಲ್ಲಿ ಆಯ್ಕೆಪಟ್ಟಿಯ ಎರಡು ಕಡತಗಳಿದ್ದವು, ಒಂದರ ಹೆಸರು "ಮಾವ", ಇನ್ನೊಂದರ ಹೆಸರು "ನಾನು". ಮೊದಲನೆಯದರಲ್ಲಿ ಮೇಲೆ ಬೆಂಗಳೂರು ಕೆಳಗೆ ಮೈಸೂರು, ಎರಡನೆಯದರಲ್ಲಿ ಮೇಲೆ ಮೈಸೂರು ಕೆಳಗೆ ಬೆಂಗಳೂರು. ಎರಡನ್ನೂ ಓಡಿಸಿ ನೋಡಿದೆ; ಹಿಂದಿನ ವರ್ಷದ ಮೊದಲ ಸುತ್ತಿನ ಕಟ್‌ಆಫ್ ಪ್ರಕಾರ ಎರಡಕ್ಕೂ ಬಂದ ಉತ್ತರ ಮೈಸೂರು. ಕಡತಗಳ ದಿನಾಂಕವನ್ನೂ ನೋಡಿದೆ. ಜಗಲಿಯಲ್ಲಿ ಕುಳಿತು ನಾನು ಮೊದಲ ಸಾಲನ್ನು ತುಂಬಿದ ಸಂಜೆಯ ಹಿಂದಿನ ರಾತ್ರಿಯದು ಅದು.